ಮನೆಯೊಳಗೊಂದು ಚಿತ್ರಮಂದಿರ: ಬೆಳಕಿಗಿಂತ ಮೊದಲು ಕತ್ತಲೆ

ಸಂಜೆಯಾಯಿತೆಂದರೆ ಒಂದೇ ಮನೆಯ ನಾಲ್ವರು ನಾಲ್ಕು ಮೂಲೆಗಳಲ್ಲಿ ಕುಳಿತು ನಾಲ್ಕು ಮೊಬೈಲುಗಳನ್ನು ದಿಟ್ಟಿಸುವುದು ಇಂದು ನಗರದ ಅನೇಕ ಮನೆಗಳಲ್ಲಿ ಕಾಣುವ ದೃಶ್ಯ. ಬೆಳ್ಳಂದೂರಿನ ಹೊರವರ್ತುಲ ರಸ್ತೆಗೆ ಸಮೀಪದಲ್ಲಿರುವ ನಮ್ಮ ಮನೆಯೂ ಇದಕ್ಕೆ ಹೊರತಾಗಿರಲಿಲ್ಲ. ವಾರಕ್ಕೊಮ್ಮೆಯಾದರೂ ಎಲ್ಲರೂ ಒಂದೇ ಪರದೆಯ ಮುಂದೆ ಕೂಡಬೇಕು, ದೃಷ್ಟಿ ಮಂದವಾಗಿರುವ ತಾಯಿಯವರಿಗೂ ಚಿತ್ರ ದೊಡ್ಡದಾಗಿ ಕಾಣಬೇಕು ಎಂಬ ಹಂಬಲದಿಂದ ಪ್ರೊಜೆಕ್ಟರ್ ಕೊಳ್ಳುವ ವಿಚಾರ ಮೂಡಿತು.

ಆತುರಪಟ್ಟೆವು. ಪೆಟ್ಟಿಗೆಯ ಮೇಲೆ ‘9,000 ಲ್ಯೂಮೆನ್’ ಎಂದು ದಪ್ಪಕ್ಷರಗಳಲ್ಲಿ ಮುದ್ರಿಸಿದ್ದ ಅಗ್ಗದ ಯಂತ್ರವೊಂದನ್ನು ತಂದು, ಭಾನುವಾರ ಮಧ್ಯಾಹ್ನ ಗೋಡೆಯ ತುಂಬ ‘ಬಂಗಾರದ ಮನುಷ್ಯ’ ಹಾಕಿದೆವು. ತಾಯಿಯವರು 1972ರಲ್ಲಿ, ತಮ್ಮ ಮದುವೆಯಾದ ವರ್ಷ, ತೆರೆಕಂಡ ಚಿತ್ರವದು. ಐದು ನಿಮಿಷ ನೋಡಿ, “ಎಲ್ಲಾ ಮಂಜು ಮುಸುಕಿದ ಹಾಗಿದೆಯಲ್ಲಪ್ಪ” ಎಂದರು. ಸ್ವಲ್ಪ ಹೊತ್ತಿನ ಮೇಲೆ, “ನಮ್ಮೂರ ಟೆಂಟಿನಲ್ಲಿ ಕತ್ತಲಾಗುವ ತನಕ ಆಟ ಶುರುವಾಗುತ್ತಲೇ ಇರಲಿಲ್ಲ” ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಹಣ ಕಳೆದುಕೊಂಡ ಬೇಸರದಲ್ಲಿ ಆ ಮಾತು ನಮಗೆ ಆಗ ತಟ್ಟಲಿಲ್ಲ. ಪ್ರೊಜೆಕ್ಟರ್ ಶಾಸ್ತ್ರದ ಸಾರವೆಲ್ಲ ಅದರಲ್ಲೇ ಅಡಗಿದೆ ಎಂಬುದು ಅರಿವಾದದ್ದು ಆಮೇಲೆ.

ಕಪ್ಪು ಎಲ್ಲಿಂದ ಬರುತ್ತದೆ?

ಪ್ರೊಜೆಕ್ಟರಿಗೆ ಬೆಳಕನ್ನು ಚೆಲ್ಲಲು ಬರುತ್ತದೆಯೇ ಹೊರತು ಕಪ್ಪನ್ನು ಚೆಲ್ಲಲು ಬಾರದು. ಪರದೆಯ ಮೇಲಿನ ಕಪ್ಪು ಎಂದರೆ ಬೆಳಕು ಬೀಳದ ಜಾಗ. ಕಿಟಕಿಯಿಂದ ಬಂದ ಬೆಳಕು ಅಲ್ಲಿ ಬಿದ್ದರೆ ಕಪ್ಪು ಬೂದಿಯಾಗುತ್ತದೆ, ಬಣ್ಣಗಳೆಲ್ಲ ಪೇಲವವಾಗುತ್ತವೆ. ನಮ್ಮ ಬಡಾವಣೆಯಲ್ಲಿ ರಾತ್ರಿಯೂ ಕತ್ತಲೆಯಿಲ್ಲ; ರಸ್ತೆಯ ದೀಪಗಳು ಮತ್ತು ಕಚೇರಿ ಕಟ್ಟಡಗಳ ಬೆಳಕು ಕಿಟಕಿಯೊಳಗೆ ನುಗ್ಗುತ್ತದೆ. ಆದುದರಿಂದ ಮೊದಲ ವೆಚ್ಚ ಯಂತ್ರಕ್ಕಲ್ಲ, ಬೆಳಕು ತಡೆಯುವ ದಪ್ಪನೆಯ ಕಿಟಕಿ ಪರದೆಗಳಿಗೆ ಮೀಸಲಾಗಿರಲಿ. ಕತ್ತಲೆಯನ್ನು ಕೆಲವು ಸಾವಿರಕ್ಕೆ ಕೊಳ್ಳಬಹುದು. ಕತ್ತಲೆಯಿಲ್ಲದ ಕೋಣೆಗೆ ಸಾಲುವಷ್ಟು ಬೆಳಕನ್ನು ಮಧ್ಯಮ ವರ್ಗದವರು ಕೊಳ್ಳುವುದು ಕಷ್ಟ.

ಅಂಕಿಗಳ ಮಾಯೆ

ಬೆಳಕನ್ನು ಅಳೆಯುವ ನಂಬಬಹುದಾದ ಮಾನ ‘ಆನ್ಸಿ ಲ್ಯೂಮೆನ್’. ಪರದೆಯ ಮೇಲೆ ಬಿದ್ದ ಬಿಳಿ ಬೆಳಕನ್ನು ಒಂಬತ್ತು ಭಾಗಗಳಲ್ಲಿ ಅಳೆದು ಸರಾಸರಿ ತೆಗೆಯುವ ಕ್ರಮವಿದು. ಅಗ್ಗದ ಯಂತ್ರಗಳ ಪೆಟ್ಟಿಗೆಯ ಮೇಲಿನ ಸಾವಿರಾರು ಲ್ಯೂಮೆನ್ ಎಷ್ಟೋ ಸಲ ಇದಲ್ಲ. ‘ಆನ್ಸಿ’ ಅಥವಾ ‘ಐಎಸ್ಒ’ ಎಂಬ ಪದವಿಲ್ಲದ ಅಂಕಿಯನ್ನು ಲೆಕ್ಕಕ್ಕೆ ಹಿಡಿಯಬೇಡಿರಿ.

ಹಾಗಾದರೆ ಎಷ್ಟು ಬೆಳಕು ಬೇಕು? ಡಿಜಿಟಲ್ ಚಿತ್ರಮಂದಿರಗಳಿಗೆ ಅಂಗೀಕೃತವಾದ ಮಾನವನ್ನು ಸಾಧಾರಣ ಬಿಳಿ ಪರದೆಗೆ ಅನ್ವಯಿಸಿದರೆ, ಚದರ ಅಡಿಯೊಂದಕ್ಕೆ ಸುಮಾರು 14 ಲ್ಯೂಮೆನ್ ಬೇಕಾಗುತ್ತದೆ. ಕರ್ಣರೇಖೆ 80 ಅಂಗುಲವಿರುವ ಅಗಲ ಪರದೆಯ ವಿಸ್ತೀರ್ಣ ಸುಮಾರು 19 ಚದರ ಅಡಿ. ಅದಕ್ಕೆ 270 ಆನ್ಸಿ ಲ್ಯೂಮೆನ್ ಸಾಕು. 100 ಅಂಗುಲಕ್ಕೆ ಸುಮಾರು 420 ಬೇಕು. 120 ಅಂಗುಲಕ್ಕೆ 600. ಚಿತ್ರ ಹಿಗ್ಗಿದಂತೆ ಅದೇ ಬೆಳಕು ತೆಳುವಾಗುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಹಿರಿಯರ ಮಾತು ಇಲ್ಲಿ ಅಕ್ಷರಶಃ ಸತ್ಯ. ನಿಜವಾದ 300 ಲ್ಯೂಮೆನ್ ಇರುವ ಸಾಧಾರಣ ಯಂತ್ರವೂ ಕತ್ತಲೆಯ ಕೋಣೆಯಲ್ಲಿ, 80 ಅಂಗುಲದಲ್ಲಿ ತೃಪ್ತಿ ಕೊಡುತ್ತದೆ.

ಎರಡನೆಯ ಮಾಯೆ ‘4ಕೆ ಸಪೋರ್ಟ್’ ಎಂಬುದು. ಯಂತ್ರವು 4ಕೆ ಚಿತ್ರವನ್ನು ಸ್ವೀಕರಿಸುತ್ತದೆ ಎಂದಷ್ಟೇ ಅದರ ಅರ್ಥ. ತೋರಿಸುವುದು ತನ್ನ ಶಕ್ತಿಯಿದ್ದಷ್ಟೇ. ‘ನೇಟಿವ್ ರೆಸಲ್ಯೂಷನ್’ ಎಷ್ಟೆಂದು ಕೇಳಿರಿ. ಅದು 1920×1080 ಇದ್ದರೆ ಉತ್ತಮ. ಚಿತ್ರದ ಅಡಿಯ ಕನ್ನಡ ಅಕ್ಷರಗಳನ್ನು ಹಿರಿಯರೂ ಸರಾಗವಾಗಿ ಓದಬಲ್ಲರು.

ಟೇಪು ಹಿಡಿದು ಅಳೆಯಿರಿ

ಪ್ರತಿ ಯಂತ್ರಕ್ಕೂ ‘ಥ್ರೋ ರೇಷಿಯೋ’ ಎಂಬ ಒಂದು ಪ್ರಮಾಣವಿರುತ್ತದೆ. ಚಿತ್ರದ ಅಗಲವನ್ನು ಅದರಿಂದ ಗುಣಿಸಿದರೆ ಯಂತ್ರವನ್ನು ಎಷ್ಟು ದೂರದಲ್ಲಿ ಇಡಬೇಕೆಂದು ತಿಳಿಯುತ್ತದೆ. 80 ಅಂಗುಲದ ಪರದೆಯ ಅಗಲ ಸುಮಾರು 5.8 ಅಡಿ, ಪ್ರಮಾಣ 1.2 ಇದ್ದರೆ 7 ಅಡಿ ದೂರ ಸಾಕು, 1.5 ಇದ್ದರೆ ಸುಮಾರು 8.7 ಅಡಿ ಬೇಕು. ನಗರದ ಇಕ್ಕಟ್ಟಾದ ಹಜಾರಗಳಲ್ಲಿ ಈ ಒಂದೂಮುಕ್ಕಾಲು ಅಡಿಯೇ ನಿರ್ಣಾಯಕ. ಯಂತ್ರವನ್ನು ಪರದೆಗೆ ನೇರವಾಗಿಯೇ ಇರಿಸಿರಿ. ಓರೆಯಾಗಿಟ್ಟು ‘ಕೀಸ್ಟೋನ್’ ಗುಂಡಿಯಿಂದ ಚಿತ್ರವನ್ನು ತಿದ್ದಿದರೆ ಸ್ಪಷ್ಟತೆ ಕುಗ್ಗುತ್ತದೆ.

ಕಚೇರಿಗಳು ಕೈಬಿಟ್ಟ ಹಳೆಯ ಪ್ರೊಜೆಕ್ಟರುಗಳು ಅಗ್ಗವಾಗಿ ದೊರೆಯುವುದುಂಟು. ಅವು ಪ್ರಖರವಾಗಿದ್ದರೂ ಅನೇಕವು ಸಭೆಗಳ ಚೌಕಾಕಾರದ ಚಿತ್ರಕ್ಕಾಗಿ ಮಾಡಿದವು. ಅವುಗಳ ದೀಪದ ಆಯುಷ್ಯ ಕೆಲವೇ ಸಾವಿರ ಗಂಟೆ. ದೀಪ ಎಷ್ಟು ಗಂಟೆ ಉರಿದಿದೆ ಎಂಬುದನ್ನು ಯಂತ್ರದ ಮೆನುವಿನಲ್ಲಿ ನೋಡಿ, ಹೊಸ ದೀಪದ ಬೆಲೆಯನ್ನು ಕೂಡಿಸಿಯೇ ಲೆಕ್ಕ ಹಾಕಿರಿ. ಎಲ್ಇಡಿ ದೀಪದ ಹೊಸ ಯಂತ್ರಗಳಿಗೆ ತಯಾರಕರು ಸಾಮಾನ್ಯವಾಗಿ 20,000 ಗಂಟೆ ಅಥವಾ ಅದಕ್ಕೂ ಹೆಚ್ಚು ಹೇಳುತ್ತಾರೆ. ದಿನಕ್ಕೆ ಮೂರು ಗಂಟೆ ಉರಿಸಿದರೂ ಅದು ಹದಿನೆಂಟು ವರ್ಷ.

ಖರೀದಿಗೆ ಸಾದರ ಪತ್ರಪ್ಪ ರಸ್ತೆಗೆ ಹೋಗುವವರು ಯಂತ್ರವನ್ನು ಹಚ್ಚಿಸಿ, ದೀಪವಾರಿಸಿದ ಜಾಗದಲ್ಲಿ ನೋಡಬೇಕು. ಫ್ಯಾನಿನ ಸದ್ದನ್ನು ಆಲಿಸಬೇಕು. ಚಲನಚಿತ್ರದ ಆ್ಯಪ್‌ಗಳು ಅದರಲ್ಲೇ ನಡೆಯುತ್ತವೆಯೇ ಎಂದು ಅಲ್ಲೇ ಪರೀಕ್ಷಿಸಬೇಕು. 2025ರ ಸೆಪ್ಟೆಂಬರ್ 22ರಿಂದ ಪ್ರೊಜೆಕ್ಟರುಗಳ ಮೇಲಿನ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿದಿದೆ. ರಸೀದಿ ಮತ್ತು ವಾರಂಟಿ ಪತ್ರವಿಲ್ಲದೆ ಕೊಳ್ಳಬಾರದು.

ನಮ್ಮ ಲೆಕ್ಕ

ಎರಡನೆಯ ಬಾರಿ ನಾವು ಮೂವತ್ತು ಸಾವಿರದ ಗೆರೆ ಎಳೆದುಕೊಂಡೆವು. ಇಪ್ಪತ್ತೊಂದು ಸಾವಿರ ಯಂತ್ರಕ್ಕೆ, ಐದು ಸಾವಿರ ಧ್ವನಿವರ್ಧಕಕ್ಕೆ, ಮೂರೂವರೆ ಸಾವಿರ ಕಿಟಕಿ ಪರದೆಗಳಿಗೆ ಹೋಯಿತು. ಚಿತ್ರದ ಪರದೆ ಕೊಳ್ಳಲಿಲ್ಲ. ಉಳಿದ ಐನೂರರಲ್ಲಿ ಗೋಡೆಗೆ ಹೊಳಪಿಲ್ಲದ ಬಿಳಿ ಬಣ್ಣ ಬಳಿದೆವು. ಧ್ವನಿಯನ್ನು ಕಡೆಗಣಿಸಬಾರದು, ಏಕೆಂದರೆ ಯಂತ್ರದೊಳಗಿನ ಪುಟ್ಟ ಸ್ಪೀಕರಿನಲ್ಲಿ ಮಾತುಗಳು ಹಿರಿಯರಿಗೆ ತಿಳಿಯುವುದಿಲ್ಲ. ಆದರೆ ಪಕ್ಕದ ಮನೆಯ ಗೋಡೆ ಅದುರದಂತೆ ಧ್ವನಿಗೆ ಮಿತಿಯಿರಲಿ.

ಒಂದು ಶನಿವಾರ ರಾತ್ರಿ ಊಟ ಮುಗಿಸಿ, ದೀಪವಾರಿಸಿ, ಕಿಟಕಿ ಮುಚ್ಚಿ ಅದೇ ಚಿತ್ರವನ್ನು ಮತ್ತೆ ಹಾಕಿದೆವು. ಮಕ್ಕಳು ಚಾಪೆ ಹಾಸಿ ನೆಲದಲ್ಲಿ ಕುಳಿತರು. ತಾಯಿಯವರು ಕುರ್ಚಿಯನ್ನು ಒಂದಿಷ್ಟು ಹಿಂದಕ್ಕೆ ಸರಿಸಿಕೊಂಡರು. ಇಷ್ಟು ದಿನ ಟಿ.ವಿ.ಗೆ ಹತ್ತಿರ ಹತ್ತಿರ ಸರಿಯುತ್ತಿದ್ದವರು ಅವರು. ಮೂರು ಗಂಟೆ ಯಾರೊಬ್ಬರ ಮೊಬೈಲೂ ಬೆಳಗಲಿಲ್ಲ, ಏಕೆಂದರೆ ಆ ಬೆಳಕು ಪರದೆಯನ್ನು ಕೆಡಿಸುತ್ತದೆಂದು ಮಕ್ಕಳೇ ನಿಯಮ ಮಾಡಿಕೊಂಡಿದ್ದರು.

ಯಂತ್ರ ದುಬಾರಿಯದಾಗಬೇಕಿಲ್ಲ, ಪರದೆ ಗೋಡೆಯಷ್ಟಿರಬೇಕಿಲ್ಲ. ಕೋಣೆಯನ್ನು ಅಳೆದು, ಕತ್ತಲೆಯನ್ನು ಸಿದ್ಧಪಡಿಸಿ, ಕೈಯಲ್ಲಿರುವ ಹಣಕ್ಕೆ ತಕ್ಕ ಚಿತ್ರಕ್ಕೆ ತೃಪ್ತರಾದರೆ, ಒಂದೇ ಸೂರಿನಡಿ ಚದುರಿಹೋದ ಮನೆಮಂದಿ ವಾರಕ್ಕೊಂದು ರಾತ್ರಿಯಾದರೂ ಒಂದೆಡೆ ಕೂಡಬಹುದು.