ಲಿವರ್ ಕಾಯಿಲೆಗೆ ಇನ್ನೊಬ್ಬರ ಮಲ

ಊಟ ಮಾಡ್ತಾ ಕೇಳ್ತಿದ್ರೆ ಈ ಸಂಚಿಕೆಯನ್ನ ಆಮೇಲೆ ಕೇಳಿ. ಇವತ್ತು ನಾವು ಮಾತಾಡ್ತಿರೋದು ಮಲದ ಬಗ್ಗೆ. ಮುಖ ಸಿಂಡರಿಸಬೇಡಿ, ಇದು ಪ್ರಾಣದ ವಿಷಯ.

ಲಂಡನ್ನಿನ ಕಿಂಗ್ಸ್ ಕಾಲೇಜಿನ ಪ್ರೊಫೆಸರ್ ಡೆಬ್ಬಿ ಶಾಕ್ರಾಸ್ ಲಿವರ್ ತಜ್ಞೆ. ಅವರು ನೋಡುವುದು ಸಿರೋಸಿಸ್ ರೋಗಿಗಳನ್ನ, ಅಂದ್ರೆ ಲಿವರ್ ತುಂಬಾ ಗಾಯದ ಕಲೆ ಕಟ್ಟಿ ಗಟ್ಟಿಯಾದವರನ್ನ. ಇದು ಕುಡುಕರಿಗಷ್ಟೇ ಬರೋ ಕಾಯಿಲೆ ಅನ್ನೋ ನಂಬಿಕೆ ನಮ್ಮಲ್ಲಿದೆ. ಹಾಗೇನಿಲ್ಲ. ಹೆಪಟೈಟಿಸ್ ಬಿ, ಸಿ ಇಂದಲೂ ಬರುತ್ತೆ, ಕೊಬ್ಬು ತುಂಬಿದ ಲಿವರ್‌ನಿಂದಲೂ ಬರುತ್ತೆ.

ಇದರಲ್ಲಿ ಕರುಳಿನ ಬ್ಯಾಕ್ಟೀರಿಯಾಗಳ ಪಾತ್ರ ಏನು? ಕೆಲವು ಬ್ಯಾಕ್ಟೀರಿಯಾಗಳು ನಾವು ತಿಂದ ಪ್ರೋಟೀನ್ ಒಡೆದು ಅಮೋನಿಯಾ ಮಾಡುತ್ತವೆ. ಗಟ್ಟಿಮುಟ್ಟಾದ ಲಿವರ್ ಅದನ್ನ ಯೂರಿಯಾ ಆಗಿ ಬದಲಿಸುತ್ತೆ, ಅದು ಮೂತ್ರದಲ್ಲಿ ಹೋಗುತ್ತೆ. ಕೆಟ್ಟ ಲಿವರ್ ಕೈಲಿ ಅದಾಗಲ್ಲ. ಅಮೋನಿಯಾ ಮಿದುಳು ಸೇರುತ್ತೆ. ಹಗಲೆಲ್ಲ ನಿದ್ದೆ, ರಾತ್ರಿ ಎಚ್ಚರ. ಮಾತು ತೊದಲುತ್ತೆ. ಕೈ ಚಾಚಿ ಅಂಗೈ ಮೇಲೆತ್ತಿ ಹಿಡಿಯಿರಿ ಅಂದ್ರೆ, ಹಕ್ಕಿ ರೆಕ್ಕೆ ಬಡಿದ ಹಾಗೆ ಕೈ ಕುಸಿದು ಕುಸಿದು ಏಳುತ್ತೆ. ಕುಡಿಯೋದು ಬಿಟ್ಟು ವರ್ಷಗಳಾದವರನ್ನೂ ನೋಡಿದವರು 'ಮತ್ತೆ ಶುರು ಹಚ್ಚಿಕೊಂಡ' ಅಂದುಬಿಡಬಹುದು.

ಇದಕ್ಕೆ ಲ್ಯಾಕ್ಟುಲೋಸ್ ಸಿರಪ್ ಇದೆ, ರಿಫಾಕ್ಸಿಮಿನ್ ಮಾತ್ರೆ ಇದೆ. ಆದ್ರೆ ಈ ರೋಗಿಗಳ ಕರುಳಿನ ಗೋಡೆಯೂ ಸೋರುತ್ತೆ, ಸೋಂಕು ಮತ್ತೆ ಮತ್ತೆ ಬರುತ್ತೆ, ಪ್ರತಿ ಸಲ ಆ್ಯಂಟಿಬಯೋಟಿಕ್. ಕಳೆ ಜೊತೆ ಪೈರನ್ನೂ ಕಿತ್ತ ಹೊಲದಲ್ಲಿ ಮೊದಲು ಏಳೋದು ಕಳೆಯೇ ಅಲ್ವಾ? ಔಷಧಕ್ಕೆ ಬಗ್ಗದ ಸೂಕ್ಷ್ಮಜೀವಿಗಳು ಅಲ್ಲಿ ಬೀಡುಬಿಡುತ್ತವೆ.

ಹಾಗಾದ್ರೆ ಕೊಲ್ಲೋದರ ಬದಲು ಬಿತ್ತಿದರೆ? ಶಾಕ್ರಾಸ್ ತಂಡ 'ಪ್ರಾಫಿಟ್' ಅನ್ನೋ ಮೊದಲ ಪ್ರಯೋಗಕ್ಕೆ 32 ರೋಗಿಗಳನ್ನ ಸೇರಿಸಿಕೊಂಡಿತು. ಆರೋಗ್ಯವಂತ ದಾನಿಗಳ ಮಲದಿಂದ ತಯಾರಿಸಿದ ದ್ರವವನ್ನ ಎಂಡೋಸ್ಕೋಪ್ ಮೂಲಕ ಸಣ್ಣ ಕರುಳಿಗೆ ಬಿಟ್ಟರು. ಅದನ್ನ ಪಡೆದವರ ರಕ್ತದಲ್ಲಿ ಅಮೋನಿಯಾ ಇಳಿಯಿತು.

ಅಪಾಯವೂ ಇದೆ. 2019ರಲ್ಲಿ ಅಮೆರಿಕದಲ್ಲಿ ದಾನಿಯೊಬ್ಬರ ಮಲದಲ್ಲಿದ್ದ, ಔಷಧಕ್ಕೆ ಬಗ್ಗದ ಇ. ಕೋಲಿ ಇಬ್ಬರು ರೋಗಿಗಳ ರಕ್ತಕ್ಕೆ ಸೇರಿತು. ಸಿರೋಸಿಸ್ ಇದ್ದವರು ಬದುಕಿದರು, ಇನ್ನೊಬ್ಬರು ತೀರಿಕೊಂಡರು. ಹಾಗಾಗಿ ದಾನಿಗಳನ್ನ ಜರಡಿ ಹಿಡಿಯೋದೇ ಇಲ್ಲಿ ದೊಡ್ಡ ಕೆಲಸ.

ಎರಡನೇ ಪ್ರಯೋಗ 'ಪ್ರಾಮಿಸ್'ನ ಗುರಿ 300 ರೋಗಿಗಳು. ಈ ಸಲ ಟ್ಯೂಬ್ ಇಲ್ಲ, ಮಲವನ್ನ ಒಣಗಿಸಿ ತುಂಬಿದ ಕ್ಯಾಪ್ಸೂಲ್, ವಾಸನೆ ರುಚಿ ಎರಡೂ ಇಲ್ಲ. ಅರ್ಧ ಜನರಿಗೆ ಡಮ್ಮಿ ಕ್ಯಾಪ್ಸೂಲ್. ಯಾರಿಗೆ ಯಾವುದು ಅಂತ ರೋಗಿಗೂ ಗೊತ್ತಿರಲ್ಲ. ಇಲ್ಲಿ ಮುಖ್ಯವಾಗಿ ಅಳೆಯೋದು ಅಮೋನಿಯಾ ಅಲ್ಲ, ಸೋಂಕು ತಗುಲಿ ಆಸ್ಪತ್ರೆ ಸೇರೋದು ಎಷ್ಟು ದಿನ ಮುಂದೆ ಹೋಗುತ್ತೆ ಅನ್ನೋದನ್ನ.