ತಾಳ ಸಿಕ್ಕಿದೆ, ರಾಗಕ್ಕೆ ಕಾಯಬೇಕು

ಅಕ್ಕಲಕೋಟ: 2025ರ ಜನವರಿಯ ಒಂದು ಬೆಳಿಗ್ಗೆ. ತಾಲ್ಲೂಕಿನ ಗಡಿ ಹಳ್ಳಿಯೊಂದರ ಕಿರಾಣಿ ಅಂಗಡಿಯ ಯಜಮಾನರು ಎದ್ದವರೇ ಕಿವಿಯ ಹಿಂದೆ ಯಂತ್ರ ಸಿಕ್ಕಿಸಿಕೊಂಡರು. ಟಪ್ ಟಪ್ ಎಂದು ಸದ್ದು. ಯಾರೋ ಬಾಗಿಲು ಬಡಿಯುತ್ತಿದ್ದಾರೆಂದು ಹೋಗಿ ಅಗಳಿ ತೆಗೆದರು. ಹೊರಗೆ ಯಾರೂ ಇಲ್ಲ. ಒಳಗೆ ಹೆಂಡತಿ ಜೋಳದ ರೊಟ್ಟಿ ಬಡಿಯುತ್ತಿದ್ದರು.

'ಆರು ವರ್ಷ ಆಗಿತ್ರೀ ಆ ಸಪ್ಪಳ ಕೇಳಿ. ಗುರ್ತು ಸಿಗಲಿಲ್ಲ' ಎಂದು ಅವರು ಈಗ ನಗುತ್ತಾರೆ. ಆಗ ನಗು ಬಂದಿರಲಿಲ್ಲ.

ನಲವತ್ತೆಂಟರ ಈ ವ್ಯಾಪಾರಿಗೆ ಕಿವಿ ಮಂದವಾಗುತ್ತ ಬಂದು, ಕೊನೆಗೆ ಶ್ರವಣ ಯಂತ್ರವೂ ಉಪಯೋಗಕ್ಕೆ ಬಾರದಾಗಿತ್ತು. 2024ರ ಡಿಸೆಂಬರಿನಲ್ಲಿ ಕಾಕ್ಲಿಯರ್ ಇಂಪ್ಲಾಂಟ್ ಶಸ್ತ್ರಚಿಕಿತ್ಸೆಯಾಯಿತು. ಗಾಯ ಮಾಯಲೆಂದು ಕೆಲವು ವಾರ ಬಿಟ್ಟು ಯಂತ್ರ ಚಾಲೂ ಮಾಡಿದರು. ಅಂದೇ ಮೊದಲಿನಂತೆ ಕೇಳುತ್ತದೆ ಎಂದು ಇಡೀ ಮನೆ ಕಾದಿತ್ತು. ಕೇಳಿದ್ದು ಬರೀ ಕಿಚಿಪಿಚಿ. ಹೆಂಡತಿ, ಮಗ, ಗಿರಾಕಿ ಎಲ್ಲರದೂ ಒಂದೇ ದನಿ. ಪ್ಲಾಸ್ಟಿಕ್ ಚೀಲದ ಸರಸರ ಮಾತಿಗಿಂತ ಜೋರು. ಕುಕ್ಕರ್ ಸೀಟಿ ಹೊಡೆದರೆ ತಲೆ ಹಿಡಿದುಕೊಳ್ಳುವಂತಾಗುತ್ತಿತ್ತು.

ಮಿದುಳಿಗೆ ಹೊಸ ಪಾಠ

ಇದು ಯಂತ್ರದ ದೋಷವಲ್ಲ. ಆರೋಗ್ಯವಂತ ಒಳಗಿವಿಯಲ್ಲಿ ಸದ್ದನ್ನು ನರಕ್ಕೆ ಮುಟ್ಟಿಸುವ ಸುಮಾರು 3,500 ಕೂದಲು ಕೋಶಗಳಿರುತ್ತವೆ. ಇಂಪ್ಲಾಂಟ್‌ನಲ್ಲಿ ಆ ಕೆಲಸಕ್ಕೆ ಇರುವುದು ಕಂಪನಿಗೆ ತಕ್ಕಂತೆ 12ರಿಂದ 22 ಎಲೆಕ್ಟ್ರೋಡ್ ಮಾತ್ರ. ಕಿವಿಯ ಹಿಂದಿನ ಪ್ರೊಸೆಸರ್ ಸದ್ದನ್ನು ವಿದ್ಯುತ್ ಸಂಕೇತ ಮಾಡಿ ಕಳಿಸುತ್ತದೆ, ಎಲೆಕ್ಟ್ರೋಡುಗಳು ನರವನ್ನು ನೇರವಾಗಿ ಎಚ್ಚರಿಸುತ್ತವೆ. ಈ ಹೊಸ ಸಂಕೇತವನ್ನು ಓದಲು ಮಿದುಳು ಕಲಿಯಬೇಕು. ಅದಕ್ಕೆ ತಿಂಗಳುಗಟ್ಟಲೆ ಬೇಕು. ನಡುನಡುವೆ ಆಡಿಯಾಲಜಿಸ್ಟ್ ಬಳಿ ಹೋಗಿ ಸದ್ದಿನ ಮಟ್ಟ ಸರಿಪಡಿಸಿಕೊಳ್ಳಬೇಕು. ಇದಕ್ಕೆ ಮ್ಯಾಪಿಂಗ್ ಎನ್ನುತ್ತಾರೆ.

ಸೆರಗು ಅಡ್ಡ ಹಿಡಿದು

ಸೋಲಾಪುರದಲ್ಲಿ ಅಭ್ಯಾಸಕ್ಕೆ ಕೊಟ್ಟ ಶಬ್ದಗಳ ಪಟ್ಟಿ ಮರಾಠಿಯಲ್ಲಿತ್ತು. ಅಂಗಡಿಯಲ್ಲಿ ಮರಾಠಿ ಬೇಕೇ ಬೇಕು, ನಿಜ. ಆದರೆ ಮನೆಯ ಮಾತು ಕನ್ನಡ. ಏಳನೇ ಇಯತ್ತೆವರೆಗೆ ಕನ್ನಡ ಶಾಲೆ ಕಲಿತ ಹೆಂಡತಿ ಮಗನ ಹಳೇ ನೋಟ್‌ಬುಕ್ಕಿನಲ್ಲಿ ತಾವೇ ಪಟ್ಟಿ ಬರೆದರು. ಅನ್ನ-ಅಣ್ಣ, ಹಾಲು-ಹಾಳು, ಬಳೆ-ಬೆಲೆ. ತುಟಿ ನೋಡಿ ಹೇಳಬಾರದೆಂದು ಸೆರಗು ಬಾಯಿಗೆ ಅಡ್ಡ ಹಿಡಿದು ದಿನಾ ಅರ್ಧ ತಾಸು ಓದಿದರು. 'ಅನ್ನ ಅಂದ್ರ ಅಣ್ಣ ಅಂತಿದ್ರು. ಮೂರು ತಿಂಗಳು ಜಗಳಾನೇ ಆತು' ಎನ್ನುತ್ತಾರೆ ಅವರು. ಏಪ್ರಿಲ್ ಹೊತ್ತಿಗೆ ಗಿರಾಕಿ ಬೆನ್ನ ಹಿಂದಿನಿಂದ ಅರ್ಧ ಕಿಲೋ ಬೆಲ್ಲ ಕೇಳಿದರೂ ತಿಳಿಯತೊಡಗಿತು.

ಭಜನೆಯ ದಾರಿ

ಹಾಡು ಮಾತ್ರ ಒಲಿಯಲಿಲ್ಲ. ಸೋಮವಾರದ ಭಜನಾ ಮೇಳದಲ್ಲಿ ಇಪ್ಪತ್ತು ವರ್ಷ ತಾಳ ಹಿಡಿದವರು ಇವರು. ಕಿವಿ ಹೋದಾಗ ತಾಳವನ್ನು ಅಣ್ಣನ ಮಗನಿಗೆ ಕೊಟ್ಟಿದ್ದರು. ಫೆಬ್ರುವರಿಯಲ್ಲಿ ಆಸೆಯಿಂದ ಹೋಗಿ ಕುಳಿತರೆ, ಹಾರ್ಮೋನಿಯಂ ದನಿ ಡಬ್ಬಿಯಲ್ಲಿ ಹಳ್ಳು ಹಾಕಿ ಅಲ್ಲಾಡಿಸಿದ ಹಾಗೆ ಕೇಳಿತು. ಅರ್ಧಕ್ಕೇ ಎದ್ದು ಬಂದರು. ಮುಂದೆ ಹಲವು ಸೋಮವಾರ ಗುಡಿ ಕಡೆ ಹೋಗಲೇ ಇಲ್ಲ.

ಕಡಿಮೆ ಎಲೆಕ್ಟ್ರೋಡುಗಳಲ್ಲಿ ಹತ್ತಿರದ ಎರಡು ಸ್ವರಗಳ ಅಂತರ ಸಿಗುವುದು ಕಷ್ಟ, ಲಯ ಮಾತ್ರ ಬಹಳಷ್ಟು ಸರಿಯಾಗಿಯೇ ಮುಟ್ಟುತ್ತದೆ. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಪ್ರೊ. ಗ್ರೇಮ್ ಕ್ಲಾರ್ಕ್ 1978ರಲ್ಲಿ ರಾಡ್ ಸಾಂಡರ್ಸ್ ಎಂಬವರಿಗೆ ಬಹು ಎಲೆಕ್ಟ್ರೋಡಿನ ಇಂಪ್ಲಾಂಟ್ ಅಳವಡಿಸಿದ್ದರು. ಪರೀಕ್ಷೆಗೆಂದು ಅಂದಿನ ರಾಷ್ಟ್ರಗೀತೆ ನುಡಿಸಿದಾಗ ಸಾಂಡರ್ಸ್ ಗುರುತು ಹಿಡಿದು ಎದ್ದು ನಿಂತರು. ಗೊತ್ತಿರುವ ಹಾಡಿಗೆ ನೆನಪೂ ಕೈ ಹಿಡಿಯುತ್ತದೆ.

ಆಡಿಯಾಲಜಿಸ್ಟ್ ಹೇಳಿದ ದಾರಿಯೂ ಅದೇ: ಗದ್ದಲವಿಲ್ಲದ ಕೋಣೆ, ಒಂದೇ ವಾದ್ಯ, ಬಾಯಿಪಾಠ ಇರುವ ಹಾಡು, ಕೈಯಲ್ಲಿ ಬರೆದ ಸಾಹಿತ್ಯ. ಮಗ ಮೊಬೈಲಿನಲ್ಲಿ ಮೊದಲು ಬರೀ ತಬಲಾ ಹಚ್ಚಿದ. ಆಮೇಲೆ ತಬಲಾದೊಂದಿಗೆ ಒಬ್ಬರದೇ ದನಿ. ಮೇಳ ಕೊನೆಗೆ.

2025ರ ಶ್ರಾವಣದ ಒಂದು ಸೋಮವಾರ ಅಣ್ಣನ ಮಗ ಮಾತಾಡದೆ ತಾಳ ತಂದು ಕಾಕಾನ ತೊಡೆಯ ಮೇಲಿಟ್ಟ. ರಾತ್ರಿ ಹನ್ನೊಂದರವರೆಗೆ ಒಂದು ಪೆಟ್ಟೂ ತಪ್ಪಲಿಲ್ಲ ಎಂದು ಮೇಳದವರು ಹೇಳುತ್ತಾರೆ.

ಹಾರ್ಮೋನಿಯಂ ಇನ್ನೂ ಹಿತವಾಗಿಲ್ಲ. ಹಾಡಲು ಧೈರ್ಯ ಬಂದಿಲ್ಲ. 'ಸ್ವರ ಬಂದ್ರ ಬರ್ಲಿ, ಇಲ್ಲಾಂದ್ರ ಇಲ್ಲ. ಮಂದ್ಯಾಗ ಕುಂದ್ರೂದು ಸಿಕ್ತಲ್ರೀ' ಎಂಬುದು ಅವರ ಮಾತು.

ಹುಟ್ಟಿನಿಂದ ಕಿವಿ ಕೇಳದ ಮಕ್ಕಳಿದ್ದ ಮನೆಯವರು ತಡ ಮಾಡಬಾರದು. ಚಿಕ್ಕ ವಯಸ್ಸಿನಲ್ಲಿ ಇಂಪ್ಲಾಂಟ್ ಆದಷ್ಟೂ ಮಾತು ಕಲಿಯುವುದು ಸುಲಭ. ಆದಾಯ ಮಿತಿಗೆ ಒಳಪಟ್ಟು ಕೇಂದ್ರದ ಅಡಿಪ್ ಯೋಜನೆಯಲ್ಲಿ ಮಕ್ಕಳಿಗೆ ನೆರವು ಉಂಟು. ಮುಂಬೈನ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆ ಅದನ್ನು ನೋಡಿಕೊಳ್ಳುತ್ತದೆ. ಯಂತ್ರ ಬಂದ ಮೇಲಿನ ದಿನನಿತ್ಯದ ಅಭ್ಯಾಸ ಮನೆಯವರದೇ, ಅದೂ ಮನೆಯ ಮಾತಿನಲ್ಲಿ.