ಹಳೇ ಸರ್ವರ್‌ಗೆ ಇವತ್ತಿನ ತೊಗರಿ ದರ

ಗೊಬ್ಬೂರಿನ ತೊಗರಿಗೆ ಇವತ್ತು ಕಲಬುರಗಿ ಎಪಿಎಂಸಿಯಲ್ಲಿ ಏನು ದರ? ಮಂಡಿ ದರಗಳನ್ನು ಸರ್ಕಾರದ ಡೇಟಾ ಡಾಟ್ ಗವ್ ಡಾಟ್ ಇನ್ ತಾಣ ವೆಬ್ ಸರ್ವಿಸ್ ಮೂಲಕವೇ ಕೊಡುತ್ತದೆ. ಒಂದು ಎಪಿಐ ಕೀ ಪಡೆದುಕೊಂಡರಾಯಿತು.

ನಿಮ್ಮ ವ್ಯಾಪಾರದ ಲೆಕ್ಕವೆಲ್ಲ ಐಬಿಎಂ ಐನಲ್ಲಿದೆಯೇ? 1988ರಲ್ಲಿ ಬಂದ ಎಎಸ್/400ರ ವಂಶದ್ದೇ ಅದು. ಹಾಗಿದ್ದರೆ ದರವನ್ನು ನೋಡಿ ನೋಡಿ ಟೈಪ್ ಮಾಡಬೇಡಿ.

ಐಬಿಎಂ ಐನ ಡಿಬಿ2 ಡೇಟಾಬೇಸ್ ಒಳಗೇ ಎಚ್‌ಟಿಟಿಪಿ ಗೆಟ್ ಫಂಕ್ಷನ್ ಇದೆ. ಅದಕ್ಕೆ ಆ ವೆಬ್ ಸರ್ವಿಸ್‌ನ ವಿಳಾಸ ಕೊಡಿ, ಜೇಸನ್ ಬೇಕೆಂದು ಕೇಳಿದರೆ ಉತ್ತರ ಆ ರೂಪದಲ್ಲಿ ಬರುತ್ತದೆ. ಅದನ್ನು ಜೇಸನ್ ಟೇಬಲ್ ಫಂಕ್ಷನ್ ಸಾಲುಸಾಲಾಗಿ ಬಿಡಿಸುತ್ತದೆ: ಮಂಡಿ, ಬೆಳೆ, ಕನಿಷ್ಠ, ಗರಿಷ್ಠ, ಮಾದರಿ ದರ. ಎಲ್ಲ ಒಂದೇ ಎಸ್‌ಕ್ಯೂಎಲ್‌ನಲ್ಲಿ! ಆರ್‌ಪಿಜಿ ಭಾಷೆಯೇ ಬೇಕೆನ್ನುವವರಿಗೆ ಸ್ಕಾಟ್ ಕ್ಲೆಮೆಂಟ್ ಅವರ ಎಚ್‌ಟಿಟಿಪಿ ಎಪಿಐ ಉಚಿತವಾಗಿ ಸಿಗುತ್ತದೆ.

ನಿಮ್ಮ ಐಬಿಎಂ ಐ 7.3 ಅಥವಾ 7.4 ಆವೃತ್ತಿಯಾದರೆ, ಎಚ್‌ಟಿಟಿಪಿ ಗೆಟ್‌ಗೆ ಬೇಕಾದ 2021ರ ಅಪ್‌ಡೇಟ್ ಹಾಕಿದ್ದಾರೆಯೇ ಅಂತ ಇವತ್ತೇ ಕೇಳಿ.